ಲೆಸ್ಲಿ ಕೋಲ್ಮನ್

ಲೆಸ್ಲಿ ಚಾರ್ಲ್ಸ್ ಕೋಲ್ಮನ್ (1878–1954) ಕೆನಡಾ ಮೂಲದ ಸಸ್ಯರೋಗ ವಿಜ್ಞಾನಿ ಮತ್ತು ಕೀಟಶಾಸ್ತ್ರಜ್ಞ. ಇವರು ಮೈಸೂರು ಸಂಸ್ಥಾನದ ಕೃಷಿ ಇಲಾಖೆಯ ಮೊದಲ ನಿರ್ದೇಶಕರಾಗಿದ್ದರು. 1908ರಲ್ಲಿ ಸಂಸ್ಥಾನದ ಸೇವೆಗೆ ಸೇರಿ 1934ರಲ್ಲಿ ನಿವೃತ್ತರಾದರು. ಮಲೆನಾಡಿನ ಅಡಿಕೆ ತೋಟಗಳನ್ನು ಕಾಡುತ್ತಿದ್ದ ಕೊಳೆರೋಗಕ್ಕೆ ಕಾರಣವಾದ ಜೀವಿಯನ್ನು ಗುರುತಿಸಿ ವಿವರಿಸಿದ್ದು ಮತ್ತು ಅದರ ತಡೆಗೆ ಬೋರ್ಡೋ ಮಿಶ್ರಣದ ಸಿಂಪಡಣೆಯನ್ನು ಬಳಕೆಗೆ ತಂದದ್ದು ಇವರ ಅತ್ಯಂತ ಪ್ರಸಿದ್ಧ ಕೆಲಸ. ಕಾಫಿಯ ಕೊಳೆರೋಗ, ಶ್ರೀಗಂಧದ ಸ್ಪೈಕ್ ರೋಗ, ಆಲೂಗಡ್ಡೆಯ ಉಂಗುರ ರೋಗ, ಜೋಳದ ಮಿಡತೆ ಮುಂತಾದವುಗಳ ಮೇಲೂ ಇವರು ಸಂಶೋಧನೆ ನಡೆಸಿದರು. ಹೆಬ್ಬಾಳದ ಕೃಷಿ ಶಾಲೆ, ಬಾಳೆಹೊನ್ನೂರಿನ ಕಾಫಿ ಪ್ರಯೋಗ ಕೇಂದ್ರ ಮತ್ತು ಮಂಡ್ಯದ ಸಕ್ಕರೆ ಕಾರ್ಖಾನೆಗಳ ಸ್ಥಾಪನೆಯೊಂದಿಗೆ ಇವರ ಹೆಸರು ಸೇರಿಕೊಂಡಿದೆ.

ಜನನ ಮತ್ತು ವಿದ್ಯಾಭ್ಯಾಸ

ಕೋಲ್ಮನ್ ಅವರು 1878ರಲ್ಲಿ ಕೆನಡಾದ ಒಂಟಾರಿಯೊ ಪ್ರಾಂತದ ಡರ್ಹಮ್ ಕೌಂಟಿಯಲ್ಲಿ ಜನಿಸಿದರು. ಟೊರಾಂಟೊ ವಿಶ್ವವಿದ್ಯಾಲಯದಲ್ಲಿ ಜೀವವಿಜ್ಞಾನವನ್ನು ಅಭ್ಯಾಸ ಮಾಡಿ 1904ರಲ್ಲಿ ಪದವಿ ಪಡೆದರು. ಉನ್ನತ ವ್ಯಾಸಂಗಕ್ಕಾಗಿ ಜರ್ಮನಿಗೆ ತೆರಳಿ ಗಟಿಂಗೆನ್ ವಿಶ್ವವಿದ್ಯಾಲಯದಲ್ಲಿ ಸಂಶೋಧನೆ ಕೈಗೊಂಡರು. ಮಣ್ಣಿನಲ್ಲಿರುವ ಬ್ಯಾಕ್ಟೀರಿಯಾಗಳು ಅಮೋನಿಯಾವನ್ನು ನೈಟ್ರೇಟ್ ಆಗಿ ಪರಿವರ್ತಿಸುವ ಕ್ರಿಯೆ ಅವರ ಡಾಕ್ಟರೇಟ್ ಅಧ್ಯಯನದ ವಿಷಯವಾಗಿತ್ತು. ಆ ಕಾಲದ ಜರ್ಮನಿಯು ಸೂಕ್ಷ್ಮಜೀವಿ ವಿಜ್ಞಾನ ಮತ್ತು ಶಿಲೀಂಧ್ರ ವಿಜ್ಞಾನಗಳ ಮುಖ್ಯ ಕೇಂದ್ರವಾಗಿತ್ತು. ರೋಗಕಾರಕವನ್ನು ಬೇರ್ಪಡಿಸಿ ಬೆಳೆಸುವುದು, ಆರೋಗ್ಯವಂತ ಸಸ್ಯಕ್ಕೆ ಸೋಂಕು ತಗುಲಿಸಿ ಪರೀಕ್ಷಿಸುವುದು ಮೊದಲಾದ ವಿಧಾನಗಳು ಅಲ್ಲಿನ ಪ್ರಯೋಗಾಲಯಗಳಲ್ಲಿ ರೂಢಿಯಲ್ಲಿದ್ದವು. ಮುಂದೆ ಮೈಸೂರಿನಲ್ಲಿ ನಡೆಸಿದ ಕೆಲಸದಲ್ಲಿ ಕೋಲ್ಮನ್ ಅವರು ಇದೇ ಕ್ರಮವನ್ನು ಅನುಸರಿಸಿದರು.

ಮೈಸೂರು ಸಂಸ್ಥಾನದ ಸೇವೆ

ಮೈಸೂರು ಸಂಸ್ಥಾನದಲ್ಲಿ ವೈಜ್ಞಾನಿಕ ಕೃಷಿ ಸಂಶೋಧನೆಯು 19ನೆಯ ಶತಮಾನದ ಕೊನೆಯಲ್ಲಿ ಆರಂಭವಾಯಿತು. ರೀಜೆಂಟ್ ಆಗಿದ್ದ ಮಹಾರಾಣಿ ಕೆಂಪನಂಜಮ್ಮಣ್ಣಿ ವಾಣಿವಿಲಾಸ ಸನ್ನಿಧಾನ ಅವರು 1899ರಲ್ಲಿ ಬೆಂಗಳೂರಿನ ಹೆಬ್ಬಾಳದಲ್ಲಿ ಕೃಷಿ ಪ್ರಯೋಗ ಕ್ಷೇತ್ರಕ್ಕಾಗಿ 30 ಎಕರೆ ಭೂಮಿಯನ್ನು ನೀಡಿದರು. ಕೃಷಿ ರಸಾಯನಶಾಸ್ತ್ರಜ್ಞ ಲೇಮನ್ ಅವರು ಅಲ್ಲಿ ಮಣ್ಣು ಮತ್ತು ಗೊಬ್ಬರಗಳ ಕುರಿತು ಪ್ರಯೋಗಗಳನ್ನು ಆರಂಭಿಸಿದರು. ಬೆಳೆಗಳಿಗೆ ತಗಲುವ ರೋಗ ಮತ್ತು ಕೀಟಗಳ ಅಧ್ಯಯನಕ್ಕೆ ಪ್ರತ್ಯೇಕ ತಜ್ಞರ ಅಗತ್ಯ ಕಂಡುಬಂದಾಗ, 1908ರಲ್ಲಿ ಕೋಲ್ಮನ್ ಅವರು ಶಿಲೀಂಧ್ರತಜ್ಞ ಮತ್ತು ಕೀಟತಜ್ಞರಾಗಿ ನೇಮಕಗೊಂಡರು. ಆಗ ಅವರ ವಯಸ್ಸು ಸುಮಾರು 30 ವರ್ಷ.

1913ರಲ್ಲಿ ಸಂಸ್ಥಾನವು ಕೃಷಿ ಇಲಾಖೆಯನ್ನು ಸ್ವತಂತ್ರವಾಗಿ ರಚಿಸಿತು. ನಾಲ್ವಡಿ ಕೃಷ್ಣರಾಜ ಒಡೆಯರ್ ಅವರು ಮಹಾರಾಜರಾಗಿಯೂ ಸರ್ ಎಂ. ವಿಶ್ವೇಶ್ವರಯ್ಯನವರು ದಿವಾನರಾಗಿಯೂ ಇದ್ದ ಕಾಲವದು. ಹೊಸ ಇಲಾಖೆಯ ನಿರ್ದೇಶಕ ಸ್ಥಾನಕ್ಕೆ ಕೋಲ್ಮನ್ ಅವರನ್ನೇ ಆರಿಸಲಾಯಿತು. ಆಡಳಿತದ ಹೊಣೆ ಬಂದ ನಂತರವೂ ಅವರು ಪ್ರಯೋಗಾಲಯದ ಕೆಲಸವನ್ನು ಕೈಬಿಡಲಿಲ್ಲ. ಇಲಾಖೆಯ ಬುಲೆಟಿನ್‌ಗಳಲ್ಲಿ ಅವರ ಹೆಸರಿನಲ್ಲಿಯೂ ಸಹೋದ್ಯೋಗಿಗಳ ಜೊತೆಯಾಗಿಯೂ ಸಂಶೋಧನಾ ವರದಿಗಳು ಪ್ರಕಟವಾಗುತ್ತಾ ಹೋದವು.

ಅಡಿಕೆಯ ಕೊಳೆರೋಗದ ಅಧ್ಯಯನ

ರೋಗದ ಸ್ವರೂಪ

ಶಿವಮೊಗ್ಗ, ಚಿಕ್ಕಮಗಳೂರು, ಉತ್ತರ ಕನ್ನಡ ಮತ್ತು ದಕ್ಷಿಣ ಕನ್ನಡ ಪ್ರದೇಶಗಳ ಅಡಿಕೆ ಬೆಳೆಗಾರರಿಗೆ ಕೊಳೆರೋಗ ಬಹು ಹಿಂದಿನಿಂದಲೂ ಪರಿಚಿತ. ಮುಂಗಾರು ಮಳೆ ಬಲವಾಗಿ ಹಿಡಿದ ಕೆಲವು ವಾರಗಳಲ್ಲಿ ಎಳೆಯ ಅಡಿಕೆಕಾಯಿಯ ತೊಟ್ಟಿನ ಸಮೀಪ ನೀರಿನಲ್ಲಿ ನೆಂದಂತಹ ಕಡುಹಸಿರು ಕಲೆಗಳು ಮೂಡುತ್ತವೆ. ಕಲೆಗಳು ಹರಡಿದಂತೆ ಕಾಯಿ ಹೊಳಪು ಕಳೆದುಕೊಂಡು ಉದುರುತ್ತದೆ. ಉದುರಿದ ಕಾಯಿಯ ಮೇಲೆ ಬಿಳಿಯ ಬೂಸ್ಟು ಆವರಿಸುತ್ತದೆ. ಮಳೆ ಎಡೆಬಿಡದೆ ಸುರಿದರೆ ಇಡೀ ಕೊನೆಯೇ ಬರಿದಾಗಬಹುದು. ಸೋಂಕು ಮರದ ತುದಿಗೆ, ಅಂದರೆ ಸುಳಿಗೆ ತಲುಪಿದರೆ ಸುಳಿ ಕೊಳೆತು ಮರವೇ ಸಾಯುತ್ತದೆ.

ಅಡಿಕೆ ಬಹುವಾರ್ಷಿಕ ಬೆಳೆ. ಸಸಿ ನೆಟ್ಟ ಮೇಲೆ ಫಸಲು ಬರಲು ಹಲವು ವರ್ಷ ಕಾಯಬೇಕು. ಆದ್ದರಿಂದ ಒಂದು ಮಳೆಗಾಲದ ರೋಗವು ಆ ವರ್ಷದ ಆದಾಯವನ್ನು ಕಿತ್ತುಕೊಂಡರೆ, ಸುಳಿ ಕೊಳೆತ ಮರದ ನಷ್ಟ ಮುಂದಿನ ಹಲವು ವರ್ಷಗಳವರೆಗೆ ಮುಂದುವರಿಯುತ್ತಿತ್ತು. ಅಡಿಕೆಯ ಹಣದಿಂದಲೇ ಕಂದಾಯ, ಸಾಲ ಮತ್ತು ವರ್ಷದ ದಿನಸಿಯನ್ನು ತೂಗಿಸುತ್ತಿದ್ದ ಮಲೆನಾಡಿನ ಕುಟುಂಬಗಳಿಗೆ ಇದು ಬದುಕಿನ ಪ್ರಶ್ನೆಯಾಗಿತ್ತು.

ಬೆಳೆಗಾರರು ತಮ್ಮದೇ ಆದ ತಡೆಯನ್ನೂ ರೂಪಿಸಿಕೊಂಡಿದ್ದರು. ಮಳೆಗಾಲಕ್ಕೆ ಮುನ್ನ ಕರಡ ಹುಲ್ಲಿನಿಂದ ಹೆಣೆದ ಕೊಟ್ಟೆಗಳನ್ನು ಕೊನೆಗಳಿಗೆ ಕಟ್ಟಿ ಮಳೆನೀರು ಕಾಯಿಗಳ ಮೇಲೆ ಬೀಳದಂತೆ ಮಾಡುತ್ತಿದ್ದರು. ಈ ಕ್ರಮ ಪರಿಣಾಮಕಾರಿಯಾಗಿದ್ದರೂ ಹುಲ್ಲು ತರಿಸುವುದು, ಕೊಟ್ಟೆ ಹೆಣೆಯುವುದು ಮತ್ತು ಪ್ರತಿ ಮರವನ್ನು ಹತ್ತಿ ಕಟ್ಟುವುದು ಬಹಳ ಶ್ರಮದ ಕೆಲಸವಾಗಿತ್ತು.

ರೋಗಕಾರಕದ ಗುರುತಿಸುವಿಕೆ

ಕೋಲ್ಮನ್ ಅವರು ರೋಗಪೀಡಿತ ಕಾಯಿಗಳಿಂದ ಜೀವಿಯನ್ನು ಬೇರ್ಪಡಿಸಿ ಬೆಳೆಸಿ, ಅದರ ಬೀಜಕಗಳನ್ನು ಸೂಕ್ಷ್ಮದರ್ಶಕದಲ್ಲಿ ಪರಿಶೀಲಿಸಿದರು. ಅದು ಫೈಟಾಫ್ತೊರಾ ಕುಲಕ್ಕೆ ಸೇರಿದ್ದೆಂದು ತಿಳಿದುಬಂದಿತು. 1840ರ ದಶಕದಲ್ಲಿ ಐರ್ಲೆಂಡಿನ ಆಲೂಗಡ್ಡೆ ಬೆಳೆಯನ್ನು ನಾಶಮಾಡಿ ಭೀಕರ ಕ್ಷಾಮಕ್ಕೆ ಕಾರಣವಾದ ಅಂಗಮಾರಿ ರೋಗದ ಜೀವಿಯೂ ಇದೇ ಕುಲದ್ದು. ಅಡಿಕೆಯ ರೋಗಕಾರಕವನ್ನು ಕೋಲ್ಮನ್ ಅವರು 1910ರಲ್ಲಿ ಫೈಟಾಫ್ತೊರಾ ಒಮ್ನಿವೊರಾದ ಅರೆಕೆ ಎಂಬ ಒಳಬಗೆಯಾಗಿ ವಿವರಿಸಿದರು. 1913ರಲ್ಲಿ ಪೆಥಿಬ್ರಿಜ್ ಅವರು ಅದಕ್ಕೆ ಪ್ರತ್ಯೇಕ ಪ್ರಭೇದದ ಸ್ಥಾನ ನೀಡಿ ಫೈಟಾಫ್ತೊರಾ ಅರೆಕೆ ಎಂದು ಕರೆದರು. ನಂತರದ ವರ್ಗೀಕರಣದಲ್ಲಿ ಇದನ್ನು ಹಲವು ತಜ್ಞರು ಫೈಟಾಫ್ತೊರಾ ಪಾಮಿವೊರಾದೊಂದಿಗೆ ಸೇರಿಸಿದ್ದಾರೆ. ಅಡಿಕೆಯ ಕೊಳೆರೋಗಕ್ಕೆ ಫೈಟಾಫ್ತೊರಾ ಮೀಡೈ ಕೂಡ ಕಾರಣವಾಗುತ್ತದೆ ಎಂದು ಮುಂದಿನ ಅಧ್ಯಯನಗಳು ತೋರಿಸಿವೆ.

ಕೋಲ್ಮನ್ ಅವರ ಕಾಲದಲ್ಲಿ ಫೈಟಾಫ್ತೊರಾ ಜೀವಿಗಳನ್ನು ಶಿಲೀಂಧ್ರಗಳೆಂದೇ ಪರಿಗಣಿಸಲಾಗುತ್ತಿತ್ತು. ಇಂದಿನ ಜೀವವಿಜ್ಞಾನ ಇವುಗಳನ್ನು ಊಮೈಸೀಟ್ ಎಂಬ ಬೇರೆ ಗುಂಪಿಗೆ ಸೇರಿಸುತ್ತದೆ. ಇವು ಶಿಲೀಂಧ್ರಗಳಂತೆಯೇ ಎಳೆಗಳಾಗಿ ಬೆಳೆಯುತ್ತವೆಯಾದರೂ ಇವುಗಳ ಕೋಶಭಿತ್ತಿ ಮುಖ್ಯವಾಗಿ ಸೆಲ್ಯುಲೋಸ್ ಮತ್ತು ಗ್ಲೂಕನ್‌ಗಳಿಂದ ಆಗಿರುತ್ತದೆ. ಇವುಗಳ ಬೀಜಕಚೀಲಗಳಿಂದ ಹೊರಬರುವ ಚಲಬೀಜಕಗಳು ನೀರಿನ ಪದರದಲ್ಲಿ ಈಜಬಲ್ಲವು. ಮಳೆಹನಿಯ ಎರಚಲಿನಿಂದ ರೋಗ ಕಾಯಿಯಿಂದ ಕಾಯಿಗೆ, ಗಾಳಿಮಳೆಯಿಂದ ಮರದಿಂದ ಮರಕ್ಕೆ ಹರಡುವುದು ಹೀಗೆ. ಕೊಟ್ಟೆ ಕಟ್ಟಿದ ಕೊನೆಗಳಿಗೆ ರೋಗ ಕಡಿಮೆ ತಗಲುತ್ತಿದ್ದ ಕಾರಣವೂ ಇದರಿಂದ ಸ್ಪಷ್ಟವಾಗುತ್ತದೆ: ನೀರು ತಲುಪದ ಕಡೆ ಬೀಜಕವೂ ತಲುಪುವುದಿಲ್ಲ.

ಬೋರ್ಡೋ ಮಿಶ್ರಣದ ಬಳಕೆ

ಮೈಲುತುತ್ತ ಮತ್ತು ಸುಣ್ಣವನ್ನು ನೀರಿನಲ್ಲಿ ಬೆರೆಸಿ ತಯಾರಿಸುವ ಬೋರ್ಡೋ ಮಿಶ್ರಣವು ಫ್ರಾನ್ಸಿನ ಬೋರ್ಡೋ ಪ್ರದೇಶದಲ್ಲಿ ಬಳಕೆಗೆ ಬಂದಿತು. ಅಲ್ಲಿನ ಸಸ್ಯವಿಜ್ಞಾನಿ ಮಿಲಾರ್ಡೆ ಅವರು 1885ರಲ್ಲಿ ದ್ರಾಕ್ಷಿಯ ಬೂಜು ರೋಗದ ವಿರುದ್ಧ ಅದರ ಉಪಯೋಗವನ್ನು ಪ್ರಕಟಿಸಿದರು. ಕೋಲ್ಮನ್ ಅವರು ಇದೇ ಮಿಶ್ರಣವನ್ನು ಅಡಿಕೆ ತೋಟಗಳಲ್ಲಿ ಪ್ರಯೋಗಿಸಿದರು.

ಯುರೋಪಿನ ದ್ರಾಕ್ಷಿ ತೋಟಕ್ಕೂ ಮಲೆನಾಡಿನ ಅಡಿಕೆ ತೋಟಕ್ಕೂ ಎರಡು ಮುಖ್ಯ ವ್ಯತ್ಯಾಸಗಳಿದ್ದವು. ಮೊದಲನೆಯದು ಮಳೆ. ಹಲವು ವಾರ ಒಂದೇ ಸಮನೆ ಸುರಿಯುವ ಮಳೆಯಲ್ಲಿ ಸಾಮಾನ್ಯ ಮಿಶ್ರಣ ಬೇಗ ತೊಳೆದುಹೋಗುತ್ತದೆ. ಅಡಿಕೆಕಾಯಿಯ ನುಣುಪಾದ ಮೇಲ್ಮೈಯಲ್ಲಿ ಅದು ನಿಲ್ಲುವುದೂ ಕಷ್ಟ. ಇದಕ್ಕೆ ಪರಿಹಾರವಾಗಿ ರಾಳ ಮತ್ತು ಸೋಡಾವನ್ನು ಕುದಿಸಿ ಮಾಡಿದ ಅಂಟುದ್ರವ್ಯವನ್ನು ಮಿಶ್ರಣಕ್ಕೆ ಸೇರಿಸಲಾಯಿತು. ಎರಡನೆಯದು ಮರದ ಎತ್ತರ. ಕೊನೆಗಳು ನೆಲದಿಂದ ಬಹಳ ಮೇಲೆ ಇರುವುದರಿಂದ ನೆಲದ ಮೇಲೆ ನಿಂತು ಸಿಂಪಡಿಸುವುದು ಸಾಧ್ಯವಿರಲಿಲ್ಲ. ಮರ ಹತ್ತುವುದರಲ್ಲಿ ಪಳಗಿದ ಕೊನೆಗಾರರೇ ಮೇಲೇರಿ ಕೊನೆಗಳ ಎಲ್ಲ ಮಗ್ಗುಲುಗಳಿಗೂ ಔಷಧಿ ತಾಗುವಂತೆ ಸಿಂಪಡಿಸಬೇಕಾಗಿತ್ತು. ಕೊಯ್ಲಿಗೆ ಮರ ಹತ್ತುತ್ತಿದ್ದವರ ಕೌಶಲವು ಹೀಗೆ ಸಸ್ಯಸಂರಕ್ಷಣೆಯ ಭಾಗವೂ ಆಯಿತು.

ತಾಮ್ರವು ರೋಗಕಾರಕದ ಬೀಜಕಗಳನ್ನು ಮೊಳೆಯುವ ಹಂತದಲ್ಲಿಯೇ ಕೊಲ್ಲುತ್ತದೆ. ಆದರೆ ಕಾಯಿಯ ಒಳಹೊಕ್ಕ ಸೋಂಕನ್ನು ಗುಣಪಡಿಸುವ ಶಕ್ತಿ ಅದಕ್ಕಿಲ್ಲ. ಆದ್ದರಿಂದ ರೋಗ ಕಂಡ ಮೇಲೆ ಸಿಂಪಡಿಸುವುದರ ಬದಲು ಮಳೆಗಾಲದ ಆರಂಭಕ್ಕೆ ಮುನ್ನವೇ ಸಿಂಪಡಿಸುವುದು ಈ ಪದ್ಧತಿಯ ಮುಖ್ಯ ಅಂಶ. ಮೊದಲ ಸಿಂಪಡಣೆಯ 40ರಿಂದ 45 ದಿನಗಳ ನಂತರ ಮಳೆ ಬಿಡುವು ಕೊಟ್ಟಾಗ ಎರಡನೆಯ ಬಾರಿ ಸಿಂಪಡಿಸುವ ರೂಢಿ ಬೆಳೆದುಬಂದಿದೆ. ಇದರೊಂದಿಗೆ ಉದುರಿದ ಕಾಯಿಗಳನ್ನು ಆರಿಸಿ ನಾಶಪಡಿಸುವುದು ಮತ್ತು ಸುಳಿ ಕೊಳೆತು ಸತ್ತ ಮರಗಳ ತಲೆಯನ್ನು ಕಡಿದು ಸುಡುವುದು ಅಗತ್ಯ. ಏಕೆಂದರೆ ಮುಂದಿನ ವರ್ಷದ ಸೋಂಕು ಇವುಗಳಿಂದಲೇ ಆರಂಭವಾಗುತ್ತದೆ.

ಮಿಶ್ರಣವನ್ನು ತಯಾರಿಸುವ ವಿಧಾನ

ಇಂದು ಬಳಕೆಯಲ್ಲಿರುವ ಶೇಕಡಾ 1ರ ಬೋರ್ಡೋ ಮಿಶ್ರಣಕ್ಕೆ 1 ಕಿಲೋಗ್ರಾಂ ಮೈಲುತುತ್ತ, 1 ಕಿಲೋಗ್ರಾಂ ಸುಟ್ಟ ಸುಣ್ಣ ಮತ್ತು 100 ಲೀಟರ್ ನೀರು ಬೇಕು. ಮೈಲುತುತ್ತವನ್ನು 50 ಲೀಟರ್ ನೀರಿನಲ್ಲಿಯೂ ಸುಣ್ಣವನ್ನು ಉಳಿದ 50 ಲೀಟರ್ ನೀರಿನಲ್ಲಿಯೂ ಬೇರೆಬೇರೆಯಾಗಿ ಕರಗಿಸಿ, ಸೋಸಿ, ಮೈಲುತುತ್ತದ ದ್ರಾವಣವನ್ನು ಸುಣ್ಣದ ತಿಳಿಗೆ ನಿಧಾನವಾಗಿ ಸುರಿಯುತ್ತಾ ಕಲಕಬೇಕು. ಮೈಲುತುತ್ತವು ಕಬ್ಬಿಣವನ್ನು ಕೊರೆಯುವುದರಿಂದ ಮಣ್ಣಿನ, ಮರದ ಅಥವಾ ಪ್ಲಾಸ್ಟಿಕ್ ಪಾತ್ರೆಗಳನ್ನು ಉಪಯೋಗಿಸಲಾಗುತ್ತದೆ. ಸಿದ್ಧವಾದ ಮಿಶ್ರಣದಲ್ಲಿ ಹೊಳೆಯುವ ಕಬ್ಬಿಣದ ಚಾಕುವನ್ನು ಸ್ವಲ್ಪ ಹೊತ್ತು ಅದ್ದಿದಾಗ ಅದರ ಮೇಲೆ ಕೆಂಪು ಲೇಪ ಕಂಡರೆ ತಾಮ್ರ ಇನ್ನೂ ಮುಕ್ತವಾಗಿ ಉಳಿದಿದೆ ಎಂದರ್ಥ. ಅಂತಹ ಮಿಶ್ರಣ ಎಳೆಯ ಭಾಗಗಳನ್ನು ಸುಡುವುದರಿಂದ ಲೇಪ ನಿಲ್ಲುವವರೆಗೆ ಸುಣ್ಣದ ತಿಳಿಯನ್ನು ಸೇರಿಸಬೇಕು. ತಯಾರಿಸಿದ ದಿನವೇ ಮಿಶ್ರಣವನ್ನು ಉಪಯೋಗಿಸಬೇಕು.

ಆಲೂಗಡ್ಡೆಯ ಉಂಗುರ ರೋಗ

ಮೈಸೂರಿನಲ್ಲಿ ಕೋಲ್ಮನ್ ಅವರ ಆರಂಭದ ಪ್ರಕಟಣೆಗಳಲ್ಲಿ 1909ರಲ್ಲಿ ಬಂದ ಆಲೂಗಡ್ಡೆಯ ಉಂಗುರ ರೋಗದ ಬುಲೆಟಿನ್ ಒಂದು. ಈ ರೋಗ ತಗಲಿದ ಗಿಡ ಹಠಾತ್ತನೆ ಬಾಡುತ್ತದೆ. ಗೆಡ್ಡೆಯನ್ನು ಅಡ್ಡಲಾಗಿ ಕೊಯ್ದರೆ ಕಂದು ಬಣ್ಣದ ಉಂಗುರ ಕಾಣುತ್ತದೆ. ಇದಕ್ಕೆ ಕಾರಣ ಬ್ಯಾಕ್ಟೀರಿಯಾ. ಅದು ಸಸ್ಯದ ನಾಳಗಳೊಳಗೆ ಇರುವುದರಿಂದ ಎಲೆಯ ಮೇಲೆ ಸಿಂಪಡಿಸುವ ಶಿಲೀಂಧ್ರನಾಶಕಗಳಿಂದ ಪ್ರಯೋಜನವಿಲ್ಲ. ರೋಗರಹಿತ ಬಿತ್ತನೆ ಗೆಡ್ಡೆಗಳ ಆಯ್ಕೆ ಮತ್ತು ಬೆಳೆ ಪರಿವರ್ತನೆಗಳೇ ಇದರ ನಿರ್ವಹಣೆಯ ಆಧಾರ. ಔಷಧಿಯನ್ನು ನಿರ್ಧರಿಸುವ ಮೊದಲು ರೋಗಕಾರಕವನ್ನು ನಿರ್ಧರಿಸಬೇಕೆಂಬ ತತ್ತ್ವಕ್ಕೆ ಅಡಿಕೆ ಮತ್ತು ಆಲೂಗಡ್ಡೆಯ ಈ ಎರಡು ರೋಗಗಳು ಒಳ್ಳೆಯ ನಿದರ್ಶನಗಳಾಗಿವೆ.

ಕಾಫಿ ಬೆಳೆಯ ಸಂಶೋಧನೆ

19ನೆಯ ಶತಮಾನದ ಉತ್ತರಾರ್ಧದಲ್ಲಿ ಎಲೆತುಕ್ಕು ರೋಗವು ಸಿಂಹಳದ ಕಾಫಿ ಉದ್ಯಮವನ್ನು ನೆಲಕಚ್ಚಿಸಿತ್ತು. ಅದೇ ರೋಗ ಮೈಸೂರು ಮತ್ತು ಕೊಡಗಿನ ಕಾಫಿ ತೋಟಗಳಿಗೂ ಹರಡಿತ್ತು. ಇದರೊಂದಿಗೆ ಕಾಫಿಗೂ ಕೊಳೆರೋಗ ಎಂಬ ಹೆಸರಿನ ಇನ್ನೊಂದು ರೋಗವಿತ್ತು. ಹೆಸರು ಒಂದೇ ಆದರೂ ಇದು ಅಡಿಕೆಯ ರೋಗಕ್ಕಿಂತ ಭಿನ್ನ. ಕಾಫಿಯ ಕೊಳೆರೋಗಕ್ಕೆ ಕಾರಣವಾದ ಶಿಲೀಂಧ್ರದ ಎಳೆಗಳು ರೆಂಬೆಯ ಮೇಲೆ ಹಬ್ಬಿ ಎಲೆಗಳನ್ನು ಆವರಿಸುತ್ತವೆ. ಕಪ್ಪಾಗಿ ಕೊಳೆತ ಎಲೆಗಳು ನೆಲಕ್ಕೆ ಬೀಳದೆ ಈ ಎಳೆಗಳಿಂದಲೇ ತೂಗಾಡುತ್ತಿರುತ್ತವೆ. ಇಂಗ್ಲಿಷ್ ಶಿಲೀಂಧ್ರತಜ್ಞ ಕುಕ್ ಅವರು 1876ರಲ್ಲಿ ಮೈಸೂರಿನ ಮಾದರಿಗಳ ಆಧಾರದಿಂದ ಈ ಶಿಲೀಂಧ್ರಕ್ಕೆ ಪೆಲ್ಲಿಕ್ಯುಲೇರಿಯಾ ಕೊಳೆರೋಗ ಎಂಬ ಹೆಸರಿಟ್ಟರು. ಬೆಳೆಗಾರರ ಬಾಯಲ್ಲಿದ್ದ ಕನ್ನಡ ಪದವು ಹೀಗೆ ವೈಜ್ಞಾನಿಕ ನಾಮಕರಣದಲ್ಲಿ ಸ್ಥಾನ ಪಡೆಯಿತು.

ಕೋಲ್ಮನ್ ಅವರು ಎಂ.ಕೆ. ವೆಂಕಟರಾವ್ ಮತ್ತು ಎಂ.ಜೆ. ನರಸಿಂಹನ್ ಅವರೊಡನೆ ಮೈಸೂರಿನ ಕಾಫಿಯ ಕೊಳೆರೋಗವನ್ನು ಅಧ್ಯಯನ ಮಾಡಿ 1923ರಲ್ಲಿ ವರದಿ ಪ್ರಕಟಿಸಿದರು. ತೇವ ಮತ್ತು ದಟ್ಟ ನೆರಳು ಈ ರೋಗಕ್ಕೆ ಅನುಕೂಲ. ಆದ್ದರಿಂದ ನೆರಳು ಮರಗಳ ಕೊಂಬೆಗಳನ್ನು ಹದವಾಗಿ ಸವರುವುದು, ಗಿಡದ ನಡುವೆ ಗಾಳಿಯಾಡುವಂತೆ ಕಸಿ ಮಾಡುವುದು, ರೋಗಪೀಡಿತ ಎಲೆ ಮತ್ತು ರೆಂಬೆಗಳನ್ನು ತೆಗೆದು ಸುಡುವುದು ಹಾಗೂ ಮುಂಗಾರಿಗೆ ಮುನ್ನ ಬೋರ್ಡೋ ಮಿಶ್ರಣ ಸಿಂಪಡಿಸುವುದು ಇದರ ನಿರ್ವಹಣಾ ಕ್ರಮಗಳಾಗಿ ನೆಲೆಗೊಂಡವು. ಕಾಫಿಯ ರಸ ಹೀರುವ ಶಲ್ಕಕೀಟಗಳ ಕುರಿತು ಅವರು ಕೆ. ಕುಂಞಿಕಣ್ಣನ್ ಅವರೊಡನೆ 1918ರಲ್ಲಿ ಇನ್ನೊಂದು ವರದಿಯನ್ನು ಹೊರತಂದಿದ್ದರು.

ಎಲೆರೋಗಗಳ ಅಧ್ಯಯನಕ್ಕಾಗಿ 1915ರಲ್ಲಿ ಕೊಪ್ಪದಲ್ಲಿ ತಾತ್ಕಾಲಿಕ ಸಂಶೋಧನಾ ಘಟಕವೊಂದನ್ನು ತೆರೆಯಲಾಯಿತು. ಈ ಪ್ರಯತ್ನ ಮುಂದುವರಿದು 1925ರಲ್ಲಿ ಬಾಳೆಹೊನ್ನೂರಿನ ಸಮೀಪ ಮೈಸೂರು ಕಾಫಿ ಪ್ರಯೋಗ ಕೇಂದ್ರ ಸ್ಥಾಪನೆಯಾಯಿತು. ಇದರ ಸ್ಥಾಪನೆಯಲ್ಲಿ ಕೋಲ್ಮನ್ ಅವರ ಪಾತ್ರ ಪ್ರಮುಖವಾದುದು. ಈ ಕೇಂದ್ರವು ಮುಂದೆ ಕಾಫಿ ಮಂಡಳಿಯ ಆಡಳಿತಕ್ಕೆ ಸೇರಿ ಕೇಂದ್ರೀಯ ಕಾಫಿ ಸಂಶೋಧನಾ ಸಂಸ್ಥೆಯಾಗಿ ಬೆಳೆದಿದೆ.

ಶ್ರೀಗಂಧದ ಸ್ಪೈಕ್ ರೋಗ

ಶ್ರೀಗಂಧವು ಮೈಸೂರು ಸಂಸ್ಥಾನದ ಏಕಸ್ವಾಮ್ಯದಲ್ಲಿದ್ದ ಸಂಪತ್ತು. ಬೊಕ್ಕಸಕ್ಕೆ ಅದರಿಂದ ದೊಡ್ಡ ಆದಾಯ ಬರುತ್ತಿತ್ತು. 1899ರಲ್ಲಿ ಕೊಡಗಿನಲ್ಲಿ ಮೊದಲು ವರದಿಯಾದ ಸ್ಪೈಕ್ ರೋಗ ಈ ಸಂಪತ್ತಿಗೆ ಕುತ್ತು ತಂದಿತು. ರೋಗ ತಗಲಿದ ಮರದ ಎಲೆಗಳು ಕಿರಿದಾಗುತ್ತಾ ರೆಂಬೆಗಳಿಗೆ ಒತ್ತಾಗಿ ಸೆಟೆದು ನಿಲ್ಲುತ್ತವೆ. ಹೂವು ಮತ್ತು ಕಾಯಿ ನಿಂತುಹೋಗಿ ಕೆಲವೇ ವರ್ಷಗಳಲ್ಲಿ ಮರ ಸಾಯುತ್ತದೆ. ಕಾಡಿನ ಬೆಂಕಿ, ಬರ, ಆಸರೆ ಗಿಡಗಳ ಕೊರತೆ ಮೊದಲಾದವು ಕಾರಣವಿರಬಹುದೆಂಬ ಊಹೆಗಳು ಚಾಲ್ತಿಯಲ್ಲಿದ್ದವು. ಕೋಲ್ಮನ್ ಅವರು ಕಸಿ ಪ್ರಯೋಗಗಳ ಮೂಲಕ ರೋಗವು ಪೀಡಿತ ಮರದಿಂದ ಆರೋಗ್ಯವಂತ ಮರಕ್ಕೆ ದಾಟುತ್ತದೆ ಎಂಬುದನ್ನು ತೋರಿಸಿ, 1917ರಲ್ಲಿ ಬುಲೆಟಿನ್ ಪ್ರಕಟಿಸಿದರು. ಇದರಿಂದ ಸ್ಪೈಕ್ ಒಂದು ಸಾಂಕ್ರಾಮಿಕ ರೋಗವೆಂಬುದು ದೃಢಪಟ್ಟಿತು. ಅದರ ಕಾರಕವು ಬೆಳಕಿನ ಸೂಕ್ಷ್ಮದರ್ಶಕಕ್ಕೆ ನಿಲುಕುವಂತಹುದಾಗಿರಲಿಲ್ಲ. 1960ರ ದಶಕದ ಕೊನೆಯಲ್ಲಿ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದ ನೆರವಿನಿಂದ, ಇಂದು ಫೈಟೊಪ್ಲಾಸ್ಮಾ ಎಂದು ಕರೆಯಲಾಗುವ ಜೀವಿ ಇದರ ಕಾರಣವೆಂದು ತಿಳಿಯಿತು.

ಬಯಲುಸೀಮೆ ಮತ್ತು ಜೋಳದ ಮಿಡತೆ

ಕೋಲ್ಮನ್ ಅವರ ಕೆಲಸ ಮಲೆನಾಡಿಗೆ ಸೀಮಿತವಾಗಿರಲಿಲ್ಲ. ದಖ್ಖನದ ಜೋಳದ ಹೊಲಗಳಿಗೆ ದಾಳಿಯಿಡುವ ರೆಕ್ಕೆಯಿಲ್ಲದ ಮಿಡತೆಯ ಜೀವನಚಕ್ರವನ್ನು ಅವರು ಕುಂಞಿಕಣ್ಣನ್ ಅವರೊಡನೆ ಅಧ್ಯಯನ ಮಾಡಿ 1911ರಲ್ಲಿ ವರದಿ ಮಾಡಿದರು. ಸ್ಪೇನಿನ ಕೀಟಶಾಸ್ತ್ರಜ್ಞ ಬೊಲಿವರ್ ಅವರು 1910ರಲ್ಲಿ ಈ ಮಿಡತೆಗೆ ಕೋಲ್ಮೇನಿಯಾ ಸ್ಫೆನಾರಿಯಾಯ್ಡಿಸ್ ಎಂಬ ಹೆಸರು ನೀಡಿದರು. ಕುಲದ ಹೆಸರು ಕೋಲ್ಮನ್ ಅವರ ಗೌರವಾರ್ಥವಾದುದು. ಮಳೆ ಬಿದ್ದು ಜೋಳ ಮೊಳೆಯುವ ಕಾಲಕ್ಕೆ ಈ ಮಿಡತೆಯ ಮರಿಗಳು ಮಣ್ಣಿನಿಂದ ಹೊರಬರುತ್ತವೆ. ವರ್ಷಕ್ಕೆ ಒಂದೇ ಪೀಳಿಗೆ. ಮಣ್ಣಿನೊಳಗಿನ ಮೊಟ್ಟೆಗಳು ಉಳುಮೆಯಿಂದ ಮೇಲೆ ಬಂದರೆ ಬಿಸಿಲಿಗೂ ಹಕ್ಕಿಗಳಿಗೂ ತುತ್ತಾಗುತ್ತವೆ. ಭತ್ತದ ಮಿಡತೆಯ ಮೇಲೂ ಅವರು ಅದೇ ವರ್ಷ ಬರೆದಿದ್ದಾರೆ.

ಆ ಕಾಲದಲ್ಲಿ ಬಳ್ಳಾರಿ, ಹೊಸಪೇಟೆ, ಹಂಪಿ ಮತ್ತು ಕಂಪ್ಲಿಗಳು ಮದ್ರಾಸ್ ಪ್ರಾಂತಕ್ಕೆ ಸೇರಿದ್ದವು. ಸಂಡೂರು ಪ್ರತ್ಯೇಕ ಸಂಸ್ಥಾನವಾಗಿತ್ತು. ಇವು ಕೋಲ್ಮನ್ ಅವರ ಇಲಾಖೆಯ ವ್ಯಾಪ್ತಿಗೆ ಹೊರಗಿದ್ದವು. ಬಳ್ಳಾರಿ ಜಿಲ್ಲೆಯ ಬಹುಭಾಗ ಮೈಸೂರು ರಾಜ್ಯಕ್ಕೆ ಸೇರಿದ್ದು 1953ರ ಅಕ್ಟೋಬರ್ 1ರಂದು, ಅಂದರೆ ಅವರ ಮರಣಕ್ಕೆ ಸುಮಾರು ಒಂದು ವರ್ಷ ಮೊದಲು.

ಇಲಾಖೆ, ಶಿಕ್ಷಣ ಮತ್ತು ರೈತ ಸಂಪರ್ಕ

1913ರಲ್ಲಿ ಹೆಬ್ಬಾಳದಲ್ಲಿ ವಸತಿಸಹಿತ ಕೃಷಿ ಶಾಲೆ ಆರಂಭವಾಯಿತು. 1920ರಿಂದ ಅಲ್ಲಿ ಕೃಷಿಯ ಡಿಪ್ಲೊಮಾ ಶಿಕ್ಷಣ ದೊರೆಯತೊಡಗಿತು. ಇದೇ ನೆಲೆಯಲ್ಲಿ 1946ರಲ್ಲಿ ಕೃಷಿ ಕಾಲೇಜು ಹಾಗೂ 1964ರಲ್ಲಿ ಕೃಷಿ ವಿಶ್ವವಿದ್ಯಾಲಯ ರೂಪುಗೊಂಡವು. ಸಂಶೋಧನೆಯ ಫಲಿತಾಂಶಗಳನ್ನು ಬೆಳೆಗಾರರಿಗೆ ತಲುಪಿಸುವ ಉದ್ದೇಶದ ಮೈಸೂರು ಕೃಷಿ ಮತ್ತು ಪ್ರಯೋಗ ಸಂಘವೂ ಕೋಲ್ಮನ್ ಅವರ ಅವಧಿಯಲ್ಲಿಯೇ ಕೆಲಸ ಆರಂಭಿಸಿ ತನ್ನದೇ ಪತ್ರಿಕೆಯನ್ನು ಹೊರಡಿಸಿತು. ಅವರ ತವರು ಪ್ರಾಂತವಾದ ಒಂಟಾರಿಯೊದಲ್ಲಿ ಇದೇ ಬಗೆಯ ಸಂಘವೊಂದು 19ನೆಯ ಶತಮಾನದಿಂದ ಕೆಲಸ ಮಾಡುತ್ತಿತ್ತು.

ರಾಗಿ, ಭತ್ತ ಮತ್ತು ಕಬ್ಬಿನ ಉತ್ತಮ ತಳಿಗಳ ಆಯ್ಕೆ ಹೆಬ್ಬಾಳದ ಕೇಂದ್ರದಲ್ಲಿ ನಡೆಯಿತು. 1923ರಲ್ಲಿ ಅಮೃತ ಮಹಲ್ ದನಗಳ ಪಾಲನೆಯ ಹೊಣೆಯೂ ಕೃಷಿ ಇಲಾಖೆಗೆ ಬಂದಿತು. ಕೃಷ್ಣರಾಜಸಾಗರದ ನಾಲೆಯಿಂದ ಮಂಡ್ಯ ಪ್ರದೇಶಕ್ಕೆ ನೀರು ಹರಿಯುವ ಹೊತ್ತಿಗೆ ಅಲ್ಲಿನ ಹೊಸ ನೀರಾವರಿ ಭೂಮಿಗೆ ತಕ್ಕ ಬೆಳೆ ಮತ್ತು ಮಾರುಕಟ್ಟೆಯ ಪ್ರಶ್ನೆ ಎದುರಾಯಿತು. ಕಬ್ಬಿನ ಬೇಸಾಯ ಮತ್ತು ಸಕ್ಕರೆ ಕಾರ್ಖಾನೆಯನ್ನು ಒಟ್ಟಿಗೆ ಬೆಳೆಸುವ ಯೋಜನೆಗೆ ಕೋಲ್ಮನ್ ಅವರು ಬೆಂಬಲವಾಗಿ ನಿಂತರು. 1933ರಲ್ಲಿ ಮಂಡ್ಯದಲ್ಲಿ ಮೈಸೂರು ಸಕ್ಕರೆ ಕಂಪನಿ ಸ್ಥಾಪನೆಯಾಯಿತು.

ಸಹೋದ್ಯೋಗಿಗಳು

ಕೋಲ್ಮನ್ ಅವರು ಸ್ಥಳೀಯ ವಿಜ್ಞಾನಿಗಳ ಒಂದು ತಂಡವನ್ನು ಬೆಳೆಸಿದರು. ಕೀಟತಜ್ಞ ಕೆ. ಕುಂಞಿಕಣ್ಣನ್, ಶಿಲೀಂಧ್ರ ವಿಭಾಗದ ವೆಂಕಟರಾವ್ ಮತ್ತು ನರಸಿಂಹನ್ ಅವರಲ್ಲಿ ಪ್ರಮುಖರು. ನರಸಿಂಹನ್ ಅವರು ಫೈಟಾಫ್ತೊರಾ ಜೀವಿಗಳ ಅಧ್ಯಯನವನ್ನು ಮುಂದುವರಿಸಿ, ಒಂಟಿಯಾಗಿ ಬೆಳೆಸಿದಾಗ ಲೈಂಗಿಕ ಬೀಜಕಗಳನ್ನು ಉತ್ಪಾದಿಸದ ತಳಿಗಳು ಬೇರೆ ತಳಿಯ ಜೊತೆಗೂಡಿದಾಗ ಅವುಗಳನ್ನು ಉತ್ಪಾದಿಸುತ್ತವೆ ಎಂಬುದನ್ನು ಮೈಸೂರಿನ ಮಾದರಿಗಳಲ್ಲಿ ತೋರಿಸಿ 1930ರಲ್ಲಿ ಪ್ರಕಟಿಸಿದರು. ಬೋರ್ಡೋ ಮಿಶ್ರಣದ ಅಂಟುದ್ರವ್ಯಗಳನ್ನು ಸುಧಾರಿಸುವ ಕೆಲಸವೂ ಅವರಿಂದ ಮುಂದುವರಿಯಿತು.

ನಿವೃತ್ತಿ ಮತ್ತು ಕೊನೆಯ ವರ್ಷಗಳು

1934ರಲ್ಲಿ ಮೈಸೂರಿನ ಸೇವೆಯಿಂದ ನಿವೃತ್ತರಾದ ಕೋಲ್ಮನ್ ಅವರು ಕೆನಡಾಕ್ಕೆ ಮರಳಿದರು. ಅಲ್ಲಿ ಸಸ್ಯಕೋಶಗಳ ವರ್ಣತಂತುಗಳ ರಚನೆಯ ಕುರಿತು ಸಂಶೋಧನೆ ನಡೆಸಿ 1940ರ ದಶಕದಲ್ಲಿ ಲೇಖನಗಳನ್ನು ಪ್ರಕಟಿಸಿದರು. 1954ರಲ್ಲಿ ನಿಧನರಾದರು.

ನಂತರದ ಬೆಳವಣಿಗೆಗಳು

ಕೋಲ್ಮನ್ ಅವರ ನಂತರದ ದಶಕಗಳಲ್ಲಿ ಶಿಲೀಂಧ್ರನಾಶಕಗಳ ಸಂಖ್ಯೆ ಬಹಳ ಹೆಚ್ಚಿತು. ತಯಾರಿಸುವ ಶ್ರಮವಿಲ್ಲದೆ ನೀರಿನಲ್ಲಿ ಬೆರೆಸಬಹುದಾದ ತಾಮ್ರದ ಆಕ್ಸಿಕ್ಲೋರೈಡ್, ಸಸ್ಯದ ಮೇಲ್ಮೈಯಲ್ಲಿ ನಿಂತು ರಕ್ಷಿಸುವ ಮ್ಯಾಂಕೋಜೆಬ್, ಸಸ್ಯದೊಳಗೆ ಹರಿದು ಕೆಲಸ ಮಾಡುವ ಕಾರ್ಬೆಂಡಜಿಮ್ ಮತ್ತು ಪ್ರೊಪಿಕೊನಜೋಲ್, ಊಮೈಸೀಟ್‌ಗಳ ಮೇಲೆ ಪರಿಣಾಮಕಾರಿಯಾದ ಮೆಟಲಾಕ್ಸಿಲ್ ಇವುಗಳಲ್ಲಿ ಕೆಲವು. ಸಸ್ಯದೊಳಗೆ ಹರಿಯುವ ಔಷಧಿಗಳು ರೋಗಕಾರಕದ ಒಂದು ನಿರ್ದಿಷ್ಟ ಕ್ರಿಯೆಯನ್ನು ಮಾತ್ರ ತಡೆಯುವುದರಿಂದ, ಒಂದೇ ಔಷಧಿಯನ್ನು ಪದೇಪದೇ ಬಳಸಿದರೆ ಅದಕ್ಕೆ ಮಣಿಯದ ತಳಿಗಳು ಹುಟ್ಟಿಕೊಳ್ಳುತ್ತವೆ. ತಾಮ್ರವು ಏಕಕಾಲಕ್ಕೆ ಹಲವು ಕ್ರಿಯೆಗಳನ್ನು ಕೆಡಿಸುವುದರಿಂದ ಅದಕ್ಕೆ ಇಂತಹ ನಿರೋಧ ಬೆಳೆಯುವುದು ಅಪರೂಪ. ಬೋರ್ಡೋ ಮಿಶ್ರಣ ಇಂದಿಗೂ ಬಳಕೆಯಲ್ಲಿ ಉಳಿದಿರುವುದಕ್ಕೆ ಕಡಿಮೆ ಖರ್ಚಿನೊಂದಿಗೆ ಇದೂ ಒಂದು ಕಾರಣ. ಆದರೆ ತಾಮ್ರ ಮಣ್ಣಿನಲ್ಲಿ ಕರಗಿಹೋಗದೆ ಸಂಗ್ರಹವಾಗುತ್ತದೆ ಎಂಬುದು ದೀರ್ಘಕಾಲದ ಬಳಕೆಯ ಮಿತಿಯಾಗಿದೆ.

ವಿಜಯನಗರ ಕಾಲದ ಕಾಲುವೆಗಳು ಮತ್ತು ತುಂಗಭದ್ರಾ ಅಣೆಕಟ್ಟಿನ ನೀರನ್ನು ಅವಲಂಬಿಸಿರುವ ಹೊಸಪೇಟೆ, ಹಂಪಿ ಮತ್ತು ಕಂಪ್ಲಿ ಭಾಗದ ಬಾಳೆ, ಕಬ್ಬು ಹಾಗೂ ಭತ್ತದ ಗದ್ದೆಗಳಿಗೂ ಇದೇ ತತ್ತ್ವಗಳು ಅನ್ವಯಿಸುತ್ತವೆ. ಬಾಳೆಯ ಸಿಗಟೋಕ ಎಲೆಚುಕ್ಕೆ ಮತ್ತು ಭತ್ತದ ಬೆಂಕಿರೋಗಗಳನ್ನು ಸಕಾಲದ ಸಿಂಪಡಣೆಯಿಂದ ಹತೋಟಿಗೆ ತರಬಹುದು. ಕಬ್ಬಿನ ಕೆಂಪು ಕೊಳೆರೋಗ ಕಾಂಡದ ಒಳಗಿರುವುದರಿಂದ ಆರೋಗ್ಯವಂತ ಬಿತ್ತನೆ ತುಂಡುಗಳು ಮತ್ತು ನಿರೋಧಕ ತಳಿಗಳೇ ಮುಖ್ಯ. ಬಾಳೆಯ ಪನಾಮ ಸೊರಗು ರೋಗದ ಶಿಲೀಂಧ್ರ ಮಣ್ಣಿನಲ್ಲಿ ಹಲವು ವರ್ಷ ಬದುಕಿ ಬೇರಿನ ಮೂಲಕ ಒಳನುಗ್ಗುವುದರಿಂದ ಎಲೆಗೆ ಸಿಂಪಡಿಸುವ ಔಷಧಿ ಅದಕ್ಕೆ ನಾಟುವುದಿಲ್ಲ.

ಪರಂಪರೆ

ಫೈಟಾಫ್ತೊರಾ ಅರೆಕೆ ಎಂಬ ಹೆಸರಿನೊಂದಿಗೆ ಮೂಲ ವಿವರಣಕಾರರಾಗಿ ಕೋಲ್ಮನ್ ಅವರ ಹೆಸರು ವೈಜ್ಞಾನಿಕ ಗ್ರಂಥಗಳಲ್ಲಿ ದಾಖಲಾಗಿದೆ. ಕೋಲ್ಮೇನಿಯಾ ಕುಲದ ಮಿಡತೆ ಅವರ ಹೆಸರನ್ನು ಹೊತ್ತಿದೆ. ಹೆಬ್ಬಾಳ, ಬಾಳೆಹೊನ್ನೂರು ಮತ್ತು ಮಂಡ್ಯದ ಸಂಸ್ಥೆಗಳು ರೂಪ ಬದಲಿಸಿಕೊಂಡು ಮುಂದುವರಿದಿವೆ. ಮಲೆನಾಡು ಮತ್ತು ಕರಾವಳಿಯ ಅಡಿಕೆ ತೋಟಗಳಲ್ಲಿ ಮೇ ತಿಂಗಳ ಕೊನೆಯಿಂದ ಜೂನ್ ಆರಂಭದವರೆಗೆ ಮೈಲುತುತ್ತ ಮತ್ತು ಸುಣ್ಣದ ನೀಲಿ ಮಿಶ್ರಣವನ್ನು ಕೊನೆಗಳಿಗೆ ಹೊಡೆಯುವ ಕೆಲಸ ಇಂದಿಗೂ ಪ್ರತಿ ವರ್ಷ ನಡೆಯುತ್ತದೆ. ಉದ್ದನೆಯ ದೋಟಿಗಳು ಮತ್ತು ಯಂತ್ರಚಾಲಿತ ಪಂಪುಗಳು ಬಳಕೆಗೆ ಬಂದಿದ್ದರೂ, ಮಳೆಗೆ ಮೊದಲೇ ತಾಮ್ರದ ಲೇಪ ಕಾಯಿಯ ಮೇಲಿರಬೇಕೆಂಬ ಮೂಲ ಕ್ರಮ 1910ರಲ್ಲಿ ಇದ್ದಂತೆಯೇ ಉಳಿದಿದೆ.